ತಿರ್ಲಾಪುರದ ಮುದುಕ

ಕಸ್ತೂರೆವ್ವ: ಕೌದಿ ಎಲ್ಲಿ ಹೋತು ಅಂತ ಕೇಳಿದ್ರ ಜಂತಿ ಕಡೆ ಯಾಕ ನೋಡತೀರಿ? ಜಂತಿ ಹೊಚ್ಚಿಕೊಂಡೇತೇನು?

ಶಂಭುಲಿಂಗಪ್ಪ: ಯಾವ ಕೌದಿ?

ಕಸ್ತೂರೆವ್ವ: ಕೆಂಪು ಅಂಚಿಂದು. ನಮ್ಮವ್ವ ಹೊಲಿದದ್ದು. ಸೋಮವಾರ ಬೆಲ್ಲ ಹೋತು, ಬುಧವಾರ ಬೇವಿನೆಣ್ಣಿ ಬಾಟ್ಲಿ ಹೋತು, ಇವತ್ತ ಕೌದಿ. ಹೊರಗಿನ ಕಳ್ಳ ಆಗಿದ್ರ ಮೊದ್ಲ ತಾಮ್ರದ ಕೊಡಾ ಒಯ್ತಿದ್ದ. ಬೇವಿನೆಣ್ಣಿ ಒಯ್ಯೂ ಕಳ್ಳನ್ನ ಈ ಮೊರಬ ಊರಾಗ ನಾ ಕಂಡಿಲ್ಲ.

ಶಂಭುಲಿಂಗಪ್ಪ ಮೂವತ್ತೊಂದು ವರ್ಷ ತಲಾಟಿಯಾಗಿ, ಹೊಲದ ಲೆಕ್ಕ ಬರೆಯುತ್ತ, ಊರೂರು ತಿರುಗಿ ನಿವೃತ್ತನಾದವನು. ಹೊಲದ ಗಡಿಗಾಗಿ ಕೊಡಲಿ ಹಿಡಿದು ಬಂದವರನ್ನೂ ಮಾತಿನಲ್ಲೇ ತಣ್ಣಗೆ ಮಾಡಿ ಕಳಿಸುತ್ತಿದ್ದವನಿಗೆ ಹೆಂಡತಿಯ ಎದುರು ಮಾತ್ರ ಮಾತು ಕೈಕೊಡುತ್ತಿತ್ತು. ಹೋದ ತಿಂಗಳಿಂದ ಅವನು ಬೆಳಗಾಗುತ್ತಲೇ ಊರಾಚೆಯ ವಖಾರಿಗೆ, ಹತ್ತಿ ತುಂಬುತ್ತಿದ್ದ ಹಳೇ ಗೋದಾಮಿಗೆ, ಹೋಗುತ್ತಿದ್ದ. ಯಾರಿಗೂ ಬೇಡವಾದ ಮುದಿ ದನ, ಕುಂಟು ಕತ್ತೆಗಳಿಗೆ ಊರವರು ಅಲ್ಲಿ ಆಸರೆ ಮಾಡಿದ್ದರು. ಹದಿನೈದು ಮಂದಿ ಪಾಳಿ ಹಚ್ಚಿಕೊಂಡು, ಕೂಲಿಯಿಲ್ಲದೆ, ಮೇವು ನೀರು ನೋಡಿಕೊಳ್ಳುತ್ತಿದ್ದರು.

ಕಸ್ತೂರೆವ್ವ: ನೀವು ಅಲ್ಲಿ ಹೆಂಡಿಕಸ ಮಾಡತೀರಂತ ಖಾಸಿಂಬಿ ಹೇಳಿದ್ಲು. ಬ್ಯಾರೆ ಯಾರೋ ಶಂಭುಲಿಂಗಪ್ಪ ಇರಬೇಕು ಅನ್ಕೊಂಡೆ.

ಶಂಭುಲಿಂಗಪ್ಪ: ನಾನ. ಅದರಾಗ ಏನೈತಿ.

ಕಸ್ತೂರೆವ್ವ: ಏನಿಲ್ಲ. ಮದಿವಿ ಆಗಿ ಮೂವತ್ತೆರಡು ವರ್ಷಾತು. ಈ ಮನ್ಯಾಗ ಕಸಬರಗಿ ಎಲ್ಲಿರತೈತಿ ಹೇಳ್ರಿ, ನೋಡೂಣು.

ಶಂಭುಲಿಂಗಪ್ಪ ಒಳಗೂ ಹೊರಗೂ ಕಣ್ಣಾಡಿಸಿದ. ಕಸಬರಗಿ ಅವನ ಬೆನ್ನ ಹಿಂದೆಯೇ ಪಡಸಾಲೆಯ ಗೋಡೆಗೆ ಒರಗಿತ್ತು.

ಶಂಭುಲಿಂಗಪ್ಪ: ಅಡಗಿ ಮನ್ಯಾಗ.

ಕಸ್ತೂರೆವ್ವ: ತಿಳೀತು. ಈಗ ಕೌದಿ ಯಾರಿಗೆ ಕೊಟ್ಟೀರಿ ಹೇಳ್ರಿ.

ಕೌದಿ ವಖಾರಿಯಲ್ಲಿ ಹಂಡ್ಯಾನ ಮೈಮೇಲಿತ್ತು. ಹಂಡ್ಯಾ ಎಂದರೆ ಕಸ್ತೂರೆವ್ವನ ತವರು ತಿರ್ಲಾಪುರದಿಂದ ಕರುವಾಗಿದ್ದಾಗ ಬಂದ ಎತ್ತು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಬಾಜೂ ಹೊಲದವರು ಟ್ರ್ಯಾಕ್ಟರ್ ತಂದಾಗ, ಇನ್ನು ಎತ್ತು ಯಾಕೆಂದು, ಹೆಂಡತಿ ಬೇಡ ಬೇಡವೆಂದರೂ ಕೇಳದೆ ಅವನು ಅದನ್ನು ಮಾರಿದ್ದ. ಆಕೆ ಹದಿನೆಂಟು ದಿನ ಮಾತು ಬಿಟ್ಟಿದ್ದಳು. ‘ಅಣ್ಣಿಗೇರಿಯ ಗಾಡಿಯವ ಮಗನ ಹಂಗ ಜ್ವಾಪಾನ ಮಾಡತಾನ’ ಎಂದು ಸಮಾಧಾನ ಹೇಳಿದ್ದ. ಆ ಗಾಡಿಯವ ಎರಡು ವರ್ಷ ದುಡಿಸಿ, ಕಾಲು ಸೋತ ಮೇಲೆ, ನವಲಗುಂದದ ಸಂತೆಯಲ್ಲಿ ಬಿಟ್ಟು ಹೋಗಿದ್ದ. ಎತ್ತುಗಳಿಗೆ ನಾಲ ಬಡಿಯುವ ಮಾಬುಸಾಬ ಗುರುತು ಹಿಡಿದು ವಖಾರಿಗೆ ತಂದಿದ್ದ. ಅಂದಿನಿಂದ ಶಂಭುಲಿಂಗಪ್ಪ ಈ ಸುದ್ದಿ ಹೇಳಲು ದಿನಾ ಬಾಯಿ ತೆರೆಯುತ್ತಿದ್ದ. ದಿನಾ ಚಹಾ ಕುಡಿದು ಮುಚ್ಚುತ್ತಿದ್ದ. ಇವತ್ತು ಸ್ವಲ್ಪ ಸ್ವಲ್ಪವಾಗಿ ಹೇಳಿಬಿಡೋಣ ಎಂದುಕೊಂಡ.

ಶಂಭುಲಿಂಗಪ್ಪ: ಅಲ್ಲೊಬ್ಬ ಮುದುಕ ಅದಾನ. ಅಂವಗ ಕೊಟ್ಟೆ.

ಕಸ್ತೂರೆವ್ವ: ವಖಾರ್ಯಾಗ? ದನದ ಸಂಗತೀ?

ಶಂಭುಲಿಂಗಪ್ಪ: ಹೌದು. ಕಾಲು ನೆಟ್ಟಗಿಲ್ಲ. ಎಣ್ಣಿ ಅದಕ್ಕ ಬೇಕಾತು.

ಕಸ್ತೂರೆವ್ವ: ಯಾವೂರಾಂವ?

ಶಂಭುಲಿಂಗಪ್ಪ: ಮೂಲ ತಿರ್ಲಾಪುರದಾಂವ.

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

ಕಸ್ತೂರೆವ್ವ: ನಮ್ಮೂರಾಂವ? ಯಾರ ಪೈಕಿ?

ಶಂಭುಲಿಂಗಪ್ಪ: ನಿಮ್ಮ ಮನಿಯಾಂವನ ಅನ್ನು. ನಿಮ್ಮಪ್ಪಗ ಅಂವನ ಮ್ಯಾಲೆ ಭಾಳ ಜೀವ ಇತ್ತು.

ಕಸ್ತೂರೆವ್ವ: ಹೆಂಡರು ಮಕ್ಕಳು?

ಶಂಭುಲಿಂಗಪ್ಪ: ಇಲ್ಲ. ಅಂವಗ ಆ ಯೋಗ ಇರಲಿಲ್ಲ.

ಕಸ್ತೂರೆವ್ವ: ಹಂಗಾರ ಗುರುಶಿದ್ದ ಕಾಕಾ. ನಮ್ಮಪ್ಪನ ಕಾಕಾನ ಮಗ. ಗ್ವಾವಾಕ್ಕ ಹೋಗತೇನಿ ಅಂತ ಹೋದಾಂವ ತಿರುಗಿ ಬರಲಿಲ್ಲ. ಒಂದು ಮಾತು ಆಡಾಂವ ಅಲ್ಲ.

ಶಂಭುಲಿಂಗಪ್ಪ: ಮಾತು ಆಡಾಂವ ಅಲ್ಲ, ಖರೆ. ಆದ್ರ ಗುರುಶಿದ್ದ ಅಲ್ಲ. ಸಣ್ಣಾಂವ ಇದ್ದಾಗ ಅಂವನ್ನ ನೀನ ಮುದ್ದು ಮಾಡಿ ಬೆಳಸಿದಿ.

ಕಸ್ತೂರೆವ್ವ: ನಾ ಯಾಕ ಬೆಳಸಲಿ? ಅಂವನ ನನ್ನ ಎತ್ತಿ ಆಡಿಸ್ಯಾನ. ನಿವೃತ್ತಿ ಆದಾಗಿಂದ ನೀವು ಎಲ್ಲಾ ತಲಿಕೆಳಗ ಹೇಳಾಕತ್ತೀರಿ.

ಶಂಭುಲಿಂಗಪ್ಪ: ಕೇಳಿಲ್ಲೆ. ಅಂವ ಹತ್ತು ವರ್ಷ ನೊಗಾ ಹೊತ್ತಾನ.

ಕಸ್ತೂರೆವ್ವ: ಪಾಪ, ಯಾರ್ಯಾರ ಸಂಸಾರದ ನೊಗಾ ಹೊತ್ತಾನೋ. ಊಟಕ್ಕ ಏನ್ ಹಾಕತೀರಿ ಅಂವಗ?

ಶಂಭುಲಿಂಗಪ್ಪ: ಉಳದವರಿಗೆ ಏನ್ ಹಾಕತೇವಿ, ಅದನ್ನ.

ಕಸ್ತೂರೆವ್ವ: ಉಳದವರು ಅಂದ್ರ ದನಾನ?

ಶಂಭುಲಿಂಗಪ್ಪ: ಹೂಂ. ಎರಡು ಮುದಿ ಕತ್ತಿ ಸೈತ ಅದಾವು.

ಕಸ್ತೂರೆವ್ವ ಹೆಂಚು ಕೆಳಗಿಳಿಸಿ ಪಡಸಾಲೆಗೆ ಬಂದಳು.

ಕಸ್ತೂರೆವ್ವ: ನಮ್ಮ ಮನಿತನದಾಂವನ್ನ ಕತ್ತಿ ಬಾಜು ಮಲಗಿಸಿ, ದನಕ್ಕ ಹಾಕಿದ್ದನ್ನ ಹಾಕಿ, ಮ್ಯಾಲ ನನ್ನ ಕೌದಿ ಹೊಚ್ಚಿ ಬಂದೀರಿ. ಮನಿ ಎಷ್ಟು ದೂರ ಇತ್ತು? ಕರಕೊಂಡು ಬರಾಕ ಏನಾಗಿತ್ತು ನಿಮಗ?

ಶಂಭುಲಿಂಗಪ್ಪ: ಹೆದರಿಕಿ ಆಗಿತ್ತು.

ಇದೊಂದು ಮಾತನ್ನು ಅವನು ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ, ಆಕೆಗೆ ಕೇಳಿಸಲೇ ಇಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮಾಬುಸಾಬನ ಹೆಂಡತಿ ಖಾಸಿಂಬಿ ನಿಂತಿದ್ದಳು. ವಖಾರಿಯ ಪಾಳಿ ಬರೆಯುವ ಪುಸ್ತಕ ಆಕೆಯ ಬಗಲಲ್ಲಿತ್ತು.

ಖಾಸಿಂಬಿ: ತಲಾಟೇರ, ಜಲ್ದಿ ಬರ್ರಿ. ನಿಮ್ಮ ಮುದುಕ ನಿನ್ನಿಯಿಂದ ಬಾಯಾಗ ಏನೂ ಹಾಕಿಲ್ಲ. ಎಷ್ಟು ಎಬ್ಬಿಸಿದ್ರೂ ಏಳವಲ್ಲ. ಇವತ್ತ ಎದ್ದು ನಿಂತ್ರ ಉಳೀತಾನ, ಇಲ್ಲಂದ್ರ ಇಲ್ಲ ಅಂತ ಡಾಕ್ಟರು ಹೇಳಿ ಹೋದ್ರು.

ಶಂಭುಲಿಂಗಪ್ಪ ಗಡಬಡಿಸಿ ಚಪ್ಪಲಿ ಮೆಟ್ಟಿದ. ಕಸ್ತೂರೆವ್ವ ಒಳಗೆ ಓಡಿ, ಎರಡು ಬಿಸಿ ರೊಟ್ಟಿ, ಒಂದು ತಂಬಿಗೆ ಮಜ್ಜಿಗೆ, ಗಂಡನ ಹೊಸ ಧೋತರ ಹಿಡಿದು ಬಂದಳು.

ಶಂಭುಲಿಂಗಪ್ಪ: ಧೋತರ ಯಾಕ?

ಕಸ್ತೂರೆವ್ವ: ಅಂವಗ ಉಡಾಕ.

ಶಂಭುಲಿಂಗಪ್ಪ: ಅಂವ ಮೊದ್ಲಿಂದ ಏನೂ ಉಡೂದಿಲ್ಲ.

ಕಸ್ತೂರೆವ್ವ: ಸನ್ಯಾಸಿ ಆಗ್ಯಾನೇನು?

ಖಾಸಿಂಬಿ ಒಮ್ಮೆ ಇವನ ಮುಖ, ಒಮ್ಮೆ ಆಕೆಯ ಮುಖ ನೋಡಿದಳು. ಏನೋ ತಿಳಿದಂತಾಗಿ ಸೆರಗು ಬಾಯಿಗೆ ಇಟ್ಟುಕೊಂಡು ಮುಂದೆ ನಡೆದಳು.

ವಖಾರಿಯೊಳಗೆ ಒಣಗಿದ ಜೋಳದ ಕಣಿಕೆಯ ವಾಸನೆ ತುಂಬಿತ್ತು. ನಾಲ್ಕು ಮುದಿ ಆಕಳು ಬಾಗಿಲ ಕಡೆ ತಿರುಗಿ ನೋಡಿ ಮತ್ತೆ ಮೆಲುಕು ಹಾಕತೊಡಗಿದವು.

ಕಸ್ತೂರೆವ್ವ: ಎಲ್ಲಿ ನಮ್ಮ ಕಾಕಾ?

ಶಂಭುಲಿಂಗಪ್ಪ ಕೈ ಮಾಡಿದ. ಮೂಲೆಯಲ್ಲಿ, ಕೆಂಪು ಅಂಚಿನ ಕೌದಿಯ ಕೆಳಗೆ, ಕಪ್ಪು ಬಿಳಿ ಮಚ್ಚೆಯ ಎತ್ತು ಕುತ್ತಿಗೆ ಚಾಚಿ ಮಲಗಿತ್ತು. ಒಂದು ಕೋಡು ಕಿವಿಯ ಕಡೆ ಬಾಗಿತ್ತು.

ಕಸ್ತೂರೆವ್ವ ಆ ಕೋಡಿನ ಗುರುತು ಹಿಡಿದು ಹತ್ತಿರ ಹೋದಳು. ಆಕೆ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಶಂಭುಲಿಂಗಪ್ಪ: ಅಣ್ಣಿಗೇರಿಯಾಂವ ಜ್ವಾಪಾನ ಮಾಡಲಿಲ್ಲ, ಕಸ್ತೂರಿ. ನಾ ನಿನ್ನ ಮಾತು ಕೇಳಬೇಕಾಗಿತ್ತು. ನಂದು ತಪ್ಪಾತು.

ಆಕೆ ಅವನ ಕಡೆ ತಿರುಗಲಿಲ್ಲ. ತಂಬಿಗೆ ಕೆಳಗಿಟ್ಟು, ಎತ್ತಿನ ಮುಂದೆ ನಿಂತು, ಸೊಂಟಕ್ಕೆ ಸೆರಗು ಸಿಗಿಸಿದಳು.

ಕಸ್ತೂರೆವ್ವ: ಏನಲೇ ಹಂಡ್ಯಾ, ಹೊತ್ತು ಎಲ್ಲಿಗೆ ಬಂತು ನೋಡಿಯೇನು? ಊರ ಮಂದಿ ಎದ್ದು ಅರ್ಧ ಹೊಲಾ ಹರಗಿ ಬಂದ್ರು, ನೀ ಇನ್ನೂ ಕಾಲು ಚಾಚಿ ಬಿದ್ದೀಯೇನು? ನಾಚಿಕಿ ಬರೂದಿಲ್ಲ? ಏಳ್, ಏಳಂದ್ರ.

ಹಂಡ್ಯಾನ ಕಿವಿ ಮಿಡುಕಿತು. ಕಣ್ಣು ತೆರೆಯಿತು. ಹಿಂಗಾಲು ಒದ್ದಾಡಿ ಊರಿ ಮೇಲೆದ್ದಿತು. ಮುಂದಿನ ಮೊಣಕಾಲ ಮೇಲೆ ಒಂದು ಗಳಿಗೆ ನಡುಗಿ ನಿಂತು, ಆಮೇಲೆ ಪೂರಾ ಎದ್ದು, ಆಕೆಯ ಕೈಯೊಳಗಿನ ರೊಟ್ಟಿಗೆ ನಾಲಿಗೆ ಚಾಚಿತು. ಕೌದಿ ಕೆಳಗೆ ಜಾರಿತು.

ಖಾಸಿಂಬಿ: ಯಾ ಅಲ್ಲಾ. ಡಾಕ್ಟರು ಎಷ್ಟು ಸೂಜಿ ಕೊಟ್ರೂ ಏಳಲಿಲ್ಲ ಇಂವ.

ಶಂಭುಲಿಂಗಪ್ಪ: ಈ ದನಿ ಕೇಳಿ ಯಾರು ಮಲಕೊಂಡಾರು, ಖಾಸಿಂಬಿ? ಮೂವತ್ತೆರಡು ವರ್ಷಾತು, ನನ್ನ ಕೈಲೆ ಆಗಿಲ್ಲ.

ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಧೋತರವನ್ನು ಹಲ್ಲಿನಿಂದ ಕಚ್ಚಿ ಚರ್‍ರನೆ ಹರಿದು, ಎತ್ತಿನ ಕಾಲಿನ ಗಾಯಕ್ಕೆ ಸುತ್ತತೊಡಗಿದಳು.

ಶಂಭುಲಿಂಗಪ್ಪ: ಅದು ಹೊಸಾದು.

ಕಸ್ತೂರೆವ್ವ: ಹೌದ್ರಿ. ಛಲೋ ಐತಿ.

ಶಂಭುಲಿಂಗಪ್ಪ: ಮನಿಗೆ ಹೊಡಕೊಂಡು ಹೋಗೂಣೇನು ಅಂವನ್ನ?

ಕುರುಡು ಕತ್ತೆಯೊಂದು ತಡವರಿಸುತ್ತ ಬಂದು ಹಂಡ್ಯಾನ ಪಕ್ಕೆಗೆ ಮೈ ಒರಗಿಸಿ ನಿಂತಿತು. ಎತ್ತು ಸರಿದು ಅದಕ್ಕೆ ಜಾಗ ಬಿಟ್ಟಿತು. ಕಸ್ತೂರೆವ್ವ ಅದನ್ನೇ ನೋಡಿದಳು.

ಕಸ್ತೂರೆವ್ವ: ಬ್ಯಾಡ. ನಮ್ಮಲ್ಲಿ ಒಬ್ಬಂಟಿ ಆಕ್ಕಾನ. ಇಲ್ಲೆ ಅಂವಗ ಜೋಡಿ ಐತಿ. ನಾವ ಬರೂಣು.

ಖಾಸಿಂಬಿ ಬಗಲಿನ ಪುಸ್ತಕ ತೆಗೆದು, ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿದಳು.

ಖಾಸಿಂಬಿ: ಹಂಗಾರ ನಿನ್ನ ಹೆಸರೂ ಬರಕೋತೇನಿ, ಯಕ್ಕಾ. ಹೆಂಡಿಕಸ ತಲಾಟೇರದು, ನೀರು ನಂದು, ಮೇವು ನಮ್ಮ ಮನಿಯವರದು. ನಿನ್ನ ಹೆಸರಿನ ಮುಂದ ಏನ್ ಬರೀಲಿ?

ಕಸ್ತೂರೆವ್ವ: ಬೈಯೂದು ಅಂತ ಬರಿ.