ಖಾರದ ಕುರ್ಚಿ

ನಾಲಿಗೆಯಣ್ಣನ ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂಬ ಸುದ್ದಿ ಅವನಿಗಿಂತ ಮೊದಲೇ ಕಾರ್ಖಾನೆ ತಲುಪಿತ್ತು. ಖಾರದಪುಡಿ ರುಚಿ ನೋಡುವುದೇ ಅವನ ಕೆಲಸ. ಚಿಟಿಕೆ ಪುಡಿ ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ ಅವನು "ಹೂಂ" ಅಂದರೆ ಮಾತ್ರ ಮೂಟೆಗೆ ಹೊಲಿಗೆ. ಆ "ಹೂಂ" ಅವನ ಕಿರೀಟ.

ಬಾಗಿಲಲ್ಲೇ ಅಕ್ಕನ ಗಂಡ ಹಿಡಿದ. ಪಕ್ಕದ ಕೋಣೆಯಲ್ಲಿ ಮಕ್ಕಳ ಗಂಜಿಹಿಟ್ಟಿನ ರುಚಿ ನೋಡಿ ನೋಡಿ ಅವನ ಮುಖವೂ ಗಂಜಿಯಂತೆ ಸಪ್ಪಗಾಗಿತ್ತು.

"ಲೋ, ಹುಣ್ಣಿನ ಮೇಲೆ ಖಾರಾನಾ? ಹರಿದ ಚೀಲಕ್ಕೆ ಮೊಳೆ ಹೊಡೆದ ಹಾಗೆ ಕಣೋ! ತೂತು ಬೀಳುತ್ತೆ!"

"ಯಾಕಾಯ್ತು ಅಂತ ಡಾಕ್ಟರಮ್ಮ ಸಂಜೆ ಹೇಳ್ತಾರಂತೆ ಭಾವ."

"ಸಂಜೆವರೆಗೂ ನೀನಿದ್ರೆ ತಾನೆ!"

ಮೂಟೆ ಹೊಲಿಯುವವಳು ಹಾಲು ತಂದುಕೊಟ್ಟಳು. ಗುಮಾಸ್ತ ತನ್ನ ಸೋದರಮಾವ ಹುಣ್ಣಿನಲ್ಲೇ ಹೋದ ಕತೆ ಹೇಳಿದ. ಕೊನೆಗೆ ಮಾವ ಸತ್ತದ್ದು ಬಸ್ಸಿನಡಿ ಎಂದು ಗೊತ್ತಾದರೂ ನಾಲಿಗೆಯಣ್ಣನ ಭಯ ಇಳಿಯಲಿಲ್ಲ.

ಪುಡಿಯ ತಟ್ಟೆ ಮುಂದೆ ಬಂತು. ಬಾಯಿ ಸುಟ್ಟ ಬೆಕ್ಕು ಹಾಲು ನೋಡುವಂತೆ ನೋಡಿದ. ನಾಲಿಗೆಗೆ ತಾಗಿಸದೆ ಬರೀ ಮೂಸಿದ. "ಹೂಂ" ಅಂದ.

ಅದು 'ಕಮ್ಮಿ ಖಾರ'ದ ಪುಡಿ. ಆಳಿನ ಕೈತಪ್ಪಿ ಎರಡು ಪಾಲು ಖಾರ ಬಿದ್ದಿತ್ತು. ಮಧ್ಯಾಹ್ನ ಯಜಮಾನರು ದೊಡ್ಡ ಗಿರಾಕಿಯ ಜೊತೆ ಅದನ್ನೇ ಬಾಯಿಗೆ ಹಾಕಿಕೊಂಡರು. ಗಿರಾಕಿ ಹೂದಾನಿಯ ನೀರನ್ನೂ ಬಿಡಲಿಲ್ಲ.

"ಏನಯ್ಯಾ, ನಾಲಿಗೇನ ಮನೇಲಿ ಬಿಟ್ಟು ಬಂದ್ಯಾ?"

ನಾಲಿಗೆಯಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಭಾವ ನಡುವೆ ನುಗ್ಗಿದ. "ಪಾಪ, ಬೈಬೇಡಿ ಯಜಮಾನ್ರೇ. ಅವನು ನನ್ನ ಗಂಜಿ ನೋಡ್ಲಿ. ಈ ಬೆಂಕಿ ನಾನು ನುಂಗ್ತೀನಿ."

ಭಾವನ ತ್ಯಾಗಕ್ಕೆ ನಾಲಿಗೆಯಣ್ಣನ ಕಣ್ಣು ತುಂಬಿತು. ಕುರ್ಚಿಗಳು ಅಲ್ಲೇ ಅದಲುಬದಲಾದವು. "ಇನ್ನು ಇದೇ ಖಾಯಂ," ಎಂದರು ಯಜಮಾನರು.

ಸಂಜೆ ಡಾಕ್ಟರಮ್ಮ ನಕ್ಕರು. "ಖಾರದಿಂದ ಹುಣ್ಣಾಗಲ್ಲ ಕಣ್ರೀ. ಮಂಡಿನೋವಿಗೆ ಅಂತ ಖಾಲಿ ಹೊಟ್ಟೇಲಿ ಮಾತ್ರೆ ನುಂಗ್ತಿದ್ರಲ್ಲ, ಅದರ ಕೃಪೆ ಇದು. ಅದನ್ನ ಬಿಡಿ, ಈ ಔಷಧಿ ತಗೊಳ್ಳಿ. ಊಟದಲ್ಲಿ ಖಾರಕ್ಕೆ ಉರಿ ಎದ್ರೆ ಕಮ್ಮಿ ಮಾಡಿ. ಚಿಟಿಕೆ ರುಚಿ ನೋಡಿದ್ರೆ ಏನಾಗುತ್ತೆ?"

ನಾಲಿಗೆಯಣ್ಣ ಮಂಡಿನೋವು ಮರೆತು ಕಾರ್ಖಾನೆಗೆ ಓಡಿದ. ಭಾವ ಕಾಲಮೇಲೆ ಕಾಲು ಹಾಕಿ, ಕಣ್ಣು ಮುಚ್ಚಿ "ಹೂಂ" ಅನ್ನುತ್ತಿದ್ದ.

"ಭಾವಾ! ಖಾರದಿಂದ ಅಲ್ವಂತೆ!"

"ಗೊತ್ತು ಕಣೋ," ಭಾವ ನಾಲಿಗೆ ಚಪ್ಪರಿಸಿದ. "ಹೋದ ವರ್ಷ ನಂಗೂ ಹುಣ್ಣಾಗಿತ್ತು. ಅದೇ ಡಾಕ್ಟರಮ್ಮ, ಅದೇ ಮಾತು. ಹೋಗು, ನಿನ್ನ ಗಂಜಿ ಆರ್ತಿದೆ."