ಎಂಟು ಮಂಗಟ್ಟೆಗಳ ಟೋಪಿ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಪ್ರೊಫೆಸರ್ ಶಾಂತಾದೇವಿಯವರಿಗೆ ಒಂದು ಉಣ್ಣೆ ಟೋಪಿ ಯಾವ ಮಹಾ ಕೆಲಸ! ದಾಂಡೇಲಿಯ ಚಳಿಗೆ ಗಂಡ ಚನಬಸಪ್ಪನವರ ಕಿವಿ ನೋಯತೊಡಗಿತ್ತು. ಕಿವಿ ಮುಚ್ಚಿಕೊಳ್ಳದೆ ಹೊರಗೆ ಕಾಲಿಡಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಶಾಂತಾದೇವಿ ಘೋಷಿಸಿದರು:

"ಬರೂ ಐತವಾರ ಕುಳಗಿ ಸಫಾರಿಗೆ ನಾ ಹೆಣೆದ ಟೋಪಿ ಹಾಕ್ಕೊಂಡ ಬರ್ತೀರಿ. ಅದರ ಸುತ್ತಲೂ ಮಂಗಟ್ಟೆ ಹಕ್ಕಿ ಇರ್ತಾವ. ಎಂಟು!"

"ನನ್ನ ಮಂಕಿ ಕ್ಯಾಪ್ ಐತಲ್ಲ?"

"ಇತ್ತು. ಹಾಲಿನ ಪರಸಪ್ಪಗ ಕೊಟ್ಟೆ."

ಹೀಗೆ ಹಿಂದಿರುಗುವ ದಾರಿಯನ್ನು ತಾವೇ ಮುಚ್ಚಿ, ಅವರು ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಉಣ್ಣೆ ತರಲು ಬಸ್ಸು ಹತ್ತಿದರು. ಅಂಗಡಿಯ ಮುದುಕಿ ಕಪ್ಪು ಮತ್ತು ಹಳದಿ ಉಂಡೆಗಳನ್ನು ಕೊಡುತ್ತ, "ಒಂದು ಬಣ್ಣ ಹೆಣಿಯೂವಾಗ ಇನ್ನೊಂದು ದಾರ ಒಳಗಿಂದ ಬರ್ತೈತ್ರಿ ಅಕ್ಕಾರ. ಅದನ್ನ ಜಗ್ಗಬ್ಯಾಡ್ರಿ, ಸಡ್ಲ ಬಿಡ್ರಿ," ಎಂದಳು.

ಸಡಿಲ! ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತವರನ್ನೇ ಸಹಿಸದ ಶಾಂತಾದೇವಿ, ಟೋಪಿಯೊಳಗೆ ಮೈ ಚೆಲ್ಲಿ ಮಲಗುವ ದಾರವನ್ನು ಸಹಿಸುವರೇ?

ಚನಬಸಪ್ಪನವರ ತಲೆಯ ಸುತ್ತಳತೆ ಐವತ್ತಾರು ಸೆಂಟಿಮೀಟರು. ಸೆಂಟಿಮೀಟರಿಗೆ ಎರಡು ಕುಣಿಕೆ, ಒಟ್ಟು ನೂರಾ ಹನ್ನೆರಡು. ಹಕ್ಕಿಗೆ ಹದಿನಾಲ್ಕರಂತೆ ಎಂಟು ಹಕ್ಕಿ, ಶೇಷ ಸೊನ್ನೆ! ಅದನ್ನು ದೈವಸಮ್ಮತಿ ಎಂದುಕೊಳ್ಳುವಷ್ಟು ಮೂಢರಲ್ಲ ಅವರು. ಆದರೂ ಆ ದಿನ ಒಂದು ಕಪ್ ಚಹಾ ಹೆಚ್ಚಿಗೆ ಕುಡಿದರು.

ವಯರಿನಿಂದ ಜೋಡಿಸಿದ ಎರಡು ಕಡ್ಡಿಗಳ ಮೇಲೆ ಟೋಪಿ ಸುತ್ತು ಸುತ್ತಾಗಿ ಬೆಳೆಯಿತು. ಸುತ್ತಾಗಿ ಹೆಣೆಯುವುದರ ಸುಖವೆಂದರೆ ಹೆಣೆಯುವವರಿಗೆ ಹೊರಮೈ ಮಾತ್ರ ಕಾಣುತ್ತದೆ; ಒಳಗಿನ ಸಮಾಚಾರ ಯಾರೂ ಕೇಳುವುದಿಲ್ಲ. ಬಣ್ಣ ಬದಲಾದಾಗಲೆಲ್ಲ ಅವರು ಒಳದಾರವನ್ನು ಚಟ್ಟನೆ ಜಗ್ಗಿದರು.

ಕಾಗದದ ಗಿರಣಿಯಲ್ಲಿ ರೀಲು ಸುತ್ತುವ ಯಂತ್ರದ ಮುಂದೆ ಅರ್ಧ ಆಯುಷ್ಯ ನಿಂತಿದ್ದ ಚನಬಸಪ್ಪನವರಿಗೆ ನೋಡಲಾಗಲಿಲ್ಲ. "ಭಾಳ ಬಿಗಿ ಆತು, ಶಾಂತಾ. ಹಿಂಗ ಜಗ್ಗಿದ್ರ ನಮ್ಮ ಹಾಳಿ ಹರದ ಹೋಗತಿತ್ತು."

"ಇದು ಹಾಳಿ ಅಲ್ಲ."

"ಒಮ್ಮೆ ತಲಿಗೆ ಹಾಕಿ ನೋಡ್ಲೇನು?"

"ಪೇಪರ್ ಬರಿಯೂದು ಮುಗಿಯೂಕಿಂತ ಮೊದಲ ಮಾರ್ಕ್ಸ್ ಕೇಳಬ್ಯಾಡ್ರಿ!"

ಭಾನುವಾರ ಬೆಳಗಿನ ಐದೂವರೆಗೆ ಫಲಿತಾಂಶ ಪ್ರಕಟವಾಯಿತು. ಟೋಪಿ ತಂಬಿಗೆಗೆ ಹೇಳಿ ಮಾಡಿಸಿದಂತಿತ್ತು. ಹಕ್ಕಿಗಳು ಉಸಿರು ಬಿಗಿಹಿಡಿದು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಮುಂದಿನಿಂದ ಚನಬಸಪ್ಪ, ಹಿಂದಿನಿಂದ ಶಾಂತಾದೇವಿ ಹಿಡಿದು ಎಳೆದು, ಕೊನೆಗೂ ಕಿವಿ ಮುಚ್ಚಿದರು.

"ತಲಿ ಜುಮ್ ಅಂತೈತಿ."

"ಹೊಸಾದು. ಆಮ್ಯಾಲೆ ಸಡ್ಲ ಆಗ್ತೈತಿ," ಎಂದರು ಶಾಂತಾದೇವಿ. ಆ ಪದ ಅವರ ಬಾಯಿಂದ ಬಂದದ್ದು ಅದೇ ಮೊದಲು.

ತೆರೆದ ಜೀಪು ಕುಳಗಿ ಕಾಡು ಹೊಕ್ಕಿತು. ಟೋಪಿ ತನ್ನ ನಿಜವಾದ ಅಳತೆ ನೆನಪಿಸಿಕೊಂಡು ಮೆಲ್ಲಗೆ ಮೇಲೇರತೊಡಗಿತು. ಹೋಗುವಾಗ ಹಣೆಯ ಚರ್ಮವನ್ನೂ ಜೊತೆಗೆ ಕರೆದೊಯ್ದಿತು. ಕಿವಿ ಬಯಲಾದವು, ಹುಬ್ಬು ಮೇಲಾದವು, ಕಣ್ಣು ಬಟ್ಟಲಾದವು.

ಹಿಂತಿರುಗಿ ನೋಡಿದ ಗೈಡ್ ದುಂಡೇಶ ಗಕ್ಕನೆ ಜೀಪು ನಿಲ್ಲಿಸಿದ. "ಶ್! ಅಜ್ಜಾರು ಏನೋ ನೋಡ್ಯಾರ!"

ಆರು ಮೊಬೈಲುಗಳು ಹೊರಬಂದವು. ಚನಬಸಪ್ಪನವರು ಬಾಯಿ ತೆರೆದರು.

"ಮಾತಾಡಬ್ಯಾಡ್ರಿ ಅಜ್ಜಾರ! ಕೈ ಮಾಡಿ ತೋರಸ್ರಿ, ಎಲ್ಲೈತಿ?"

ಅವರು ತಮ್ಮ ತಲೆಯತ್ತ ಬೆರಳು ತೋರಿದರು.

"ಮ್ಯಾಲೈತಿ! ಗಿಡದಾಗ! ಚಿರತಿ!"

ಅರ್ಧ ತಾಸು ಇಡೀ ಜೀಪು ಕತ್ತೆತ್ತಿ ಮತ್ತಿಮರವನ್ನು ನೋಡಿತು. ಶಾಂತಾದೇವಿಯವರೂ ನೋಡಿದರು! ಒಬ್ಬಾಕೆಗಂತೂ ಚಿರತೆಯ ಬಾಲ ಕಂಡೇಬಿಟ್ಟಿತು. ಕೊನೆಗೆ ಚನಬಸಪ್ಪನವರಿಗೆ ತಡೆಯಲಾಗಲಿಲ್ಲ.

"ಚಿರತಿ ಅಲ್ಲೋ ತಮ್ಮಾ, ಟೋಪಿ!"

ಹೆಸರು ಹಿಡಿದು ಕರೆದದ್ದೇ ನೆಪ, ಟೋಪಿ ಟಪ್ಪೆಂದು ಹಾರಿ ಬಾಲ ಕಂಡಾಕೆಯ ತೊಡೆಯ ಮೇಲೆ ಬಿತ್ತು. ಆಕೆ ಕಿರುಚಿದ ರಭಸಕ್ಕೆ ಕುಳಗಿಯ ಸಮಸ್ತ ವನ್ಯಜೀವಿಗಳು ಜೋಯಿಡಾ ಕಡೆ ಹೊರಟಿರಬೇಕು.

ಮರುದಿನ ಚನಬಸಪ್ಪನವರು ಕಿವಿಗೆ ಸ್ನಾನದ ಟವೆಲು ಸುತ್ತಿಕೊಂಡು ಕೂತಿದ್ದರು. ಹಾಲು ತಂದ ಪರಸಪ್ಪನ ತಲೆಯ ಮೇಲೆ ಮಂಕಿ ಕ್ಯಾಪು ಮೆರೆಯುತ್ತಿತ್ತು. "ಭಾಳ ಬೆಚ್ಚಗೈತ್ರಿ ಅಕ್ಕಾರ. ಶಿವ ನಿಮ್ಮನ್ನ ತಣ್ಣಗ ಇಟ್ಟಿರ್ಲಿ!"

"ಇಟ್ಟಾನಪ್ಪ, ಇಟ್ಟಾನ," ಎಂದರು ಟವೆಲಿನೊಳಗಿಂದ ಚನಬಸಪ್ಪ.

ಕೊಟ್ಟದ್ದನ್ನು ಮರಳಿ ಕೇಳುವ ಜಾತಿಯವರಲ್ಲ ಶಾಂತಾದೇವಿ. ಟೋಪಿಯನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಮುಂಡಗೋಡದ ಬಸ್ಸು ಹತ್ತಿದರು. ಅಂಗಡಿಯ ಮುದುಕಿ ಎಂಟು ಹಕ್ಕಿಗಳನ್ನು ಕಣ್ಣೆತ್ತಿಯೂ ನೋಡದೆ ಟೋಪಿಯನ್ನು ಒಳಗುಹೊರಗು ಮಾಡಿದಳು. ತಂಬೂರಿಯ ತಂತಿಯಂತೆ ಬಿಗಿದ ದಾರವನ್ನು ಉಗುರಿನಿಂದ ಮೀಟಿದಳು.

"ಅಕ್ಕಾರು ಸಾಲಿ ಟೀಚರ್ ಏನ್ರಿ?"

ಶಾಂತಾದೇವಿ ಬೆನ್ನು ನೆಟ್ಟಗೆ ಮಾಡಿದರು. "ಅಲ್ಲ. ಕಾಲೇಜ್ ಪ್ರೊಫೆಸರ್!"

"ಹಂಗ ಹೇಳ್ರಿ ಮತ್ತ! ಟೀಚರಮ್ಮಾರ ಟೋಪಿ ಕಿವಿ ತನಕಾರ ಬರ್ತಾವ."