ಮಾವನಿಗೆ ಹೊಳೆದ ಒಂದೇ ಒಂದು ವಿಚಾರ

ಹೊಸ ವಿಚಾರ ಹೊಳೆಯಲೆಂದು ನನ್ನ ಸೋದರಮಾವನಷ್ಟು ಕಷ್ಟಪಟ್ಟವರು ಇಳಕಲ್ಲಿನಲ್ಲಿ ಇನ್ನೊಬ್ಬರಿಲ್ಲ. ಅವನಷ್ಟು ಕಡಿಮೆ ವಿಚಾರ ಹೊಳೆದವರೂ ಇನ್ನೊಬ್ಬರಿಲ್ಲ! ಇದು ಉತ್ಪ್ರೇಕ್ಷೆಯೆಂದು ತಿಳಿಯಬೇಡಿ. ನಾನು ಹುನಗುಂದದಲ್ಲಿ ಸಾಲಿ ಮಾಸ್ತರನಾಗಿದ್ದವನು. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಒಂಬತ್ತಕ್ಕೆ ಊಟ. ಉತ್ಪ್ರೇಕ್ಷೆಗೆ ನನ್ನ ದಿನಚರಿಯಲ್ಲಿ ಎಡೆಯೇ ಇಲ್ಲ.

ಮಾವ ನೇಕಾರ. ಹದಿನೈದನೆಯ ವಯಸ್ಸಿಗೇ ತನ್ನ ಅಕ್ಕನ, ಅಂದರೆ ನಮ್ಮ ಅವ್ವನ, ಮದುವೆಯ ಸೀರೆಯನ್ನು ತಾನೇ ನೇಯ್ದವನು. ಅದು ಅವನ ಮೊದಲ ಸೀರೆ, ಮೈ ಹಸಿರು. ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿ ತೆನೆಗಳ ಸಾಲು ಹಲ್ಲು ಜೋಡಿಸಿದಂತೆ ಇರಬೇಕಲ್ಲ, ಅದರಲ್ಲಿ ಒಂದು ಕಡೆ ಒಂದು ಹಲ್ಲು ತಪ್ಪಿತ್ತು. "ನನ್ನ ತಮ್ಮನ ತೆನಿಯೊಳಗ ಒಂದ ಹಲ್ಲ ಬಿದ್ದೈತಿ, ನೋಡ್ರಿ" ಎಂದು ಅವ್ವ ಬಂದವರಿಗೆಲ್ಲ ಆ ಸೆರಗು ಹಿಡಿದು ತೋರಿಸುತ್ತಿದ್ದಳು. ಮಾವ ಮೂತಿ ಉಬ್ಬಿಸಿಕೊಂಡು ಹೊರಗೆ ಹೋಗುತ್ತಿದ್ದ.

ಅವ್ವ ತೀರಿಕೊಂಡ ವರ್ಷ ಮಾವನಿಗೆ ಪುಸ್ತಕದ ಹುಚ್ಚು ಹಿಡಿಯಿತು. ಎಂಥ ಪುಸ್ತಕ? ಪುರಾಣವೇ? ಅಲ್ಲ. ನಾಟಕವೇ? ಅದೂ ಅಲ್ಲ. ತಲೆಗೆ ಹೊಸ ವಿಚಾರ ಬರಿಸಿಕೊಳ್ಳುವುದು ಹೇಗೆಂದು ಕಲಿಸುವ ಪುಸ್ತಕ! ಪುಣೆಯಲ್ಲಿ ಮರಾಠಿಯಲ್ಲಿ ಅಚ್ಚಾಗಿ, ರೈಲಿನಲ್ಲಿ ಬಾಗಲಕೋಟೆಗೆ ಬಂದು, ಅಲ್ಲಿಂದ ಟಪಾಲು ಚೀಲದಲ್ಲಿ ಕುಲುಕಾಡುತ್ತ ಇಳಕಲ್ಲು ಮುಟ್ಟುತ್ತಿದ್ದವು. ಎರಡು ವರ್ಷದಲ್ಲಿ ನಾಲ್ಕು ಬಂದವು. ಮಗ್ಗದ ಮೇಲೆ ಎಷ್ಟು ಸೀರೆ ಬಂದವೆಂದು ಮಾತ್ರ ಕೇಳಬೇಡಿ!

ಒಂದು ಭಾನುವಾರ ಹೋಗಿ ನೋಡುತ್ತೇನೆ, ಮಗ್ಗದ ಕುಣಿಯೊಳಗೆ ಇರಬೇಕಾದ ಮಾವನ ಕಾಲುಗಳು ತಣ್ಣೀರಿನ ಬೋಗುಣಿಯಲ್ಲಿವೆ!

"ಇದೇನು ಮಾವಾ? ಕಾಲಿಗೆ ಏನಾತು?"

"ಕಾಲಿಗೇನಾಗೇದ? ಕಾಲು ತಂಪಾದ್ರ ತಲಿಗೆ ವಿಚಾರ ಏರತಾವಂತ. ಮೊದಲನೇ ಪುಸ್ತಕದಾಗ ಬರದಾರ."

"ಏರಿದುವೇನು?"

ಒಳಗಿನಿಂದ ಅತ್ತೆ ಕೂಗಿದಳು: "ನೆಗಡಿ ಏರೇತಿ, ಕೇಳಬ್ಯಾಡೋ ಮಾಸ್ತರ!"

ಎರಡನೆಯ ಪುಸ್ತಕ ಇನ್ನೂ ದಪ್ಪ. ಒಂದಕ್ಕೊಂದು ಸಂಬಂಧವಿಲ್ಲದ ಎರಡನ್ನು ಸೇರಿಸು, ಮೂರನೆಯದು ಹುಟ್ಟುತ್ತದೆ ಎಂಬುದು ಅದರ ಸಾರ. ಮಾವ ಮನೆಯೆಲ್ಲ ಹುಡುಕಿ ಸಂಬಂಧವಿಲ್ಲದ ಎರಡನ್ನು ಕಂಡುಹಿಡಿದ: ಮಗ್ಗದ ತುಳಿಗೋಲು ಮತ್ತು ಅತ್ತೆಯ ಮಜ್ಜಿಗೆ ಕಡಗೋಲು. ಹಗ್ಗದಿಂದ ಎರಡನ್ನೂ ಬಿಗಿದ. ಒಮ್ಮೆ ತುಳಿದರೆ ಅತ್ತ ಸೀರೆ, ಇತ್ತ ಬೆಣ್ಣೆ! ತುಳಿದ. ಗಡಿಗೆ ನೇರ ಮಗ್ಗದ ಮೇಲೆ ಬಂದು ಕುಳಿತಿತು. ಆ ಸೀರೆಯನ್ನು ಮೂರು ದಿನ ಇರುವೆಗಳೇ ಉಟ್ಟುಕೊಂಡಿದ್ದವು.

"ಬೆಣ್ಣಿ ಬರಲಿಲ್ಲ, ಸೀರಿ ಬರಲಿಲ್ಲ" ಎಂದಳು ಅತ್ತೆ. "ಮೂರನೇದೇನು ಹುಟ್ಟಿತು?"

"ನಿನ್ನ ಸಿಟ್ಟು!" ಎಂದು ಮಾವ ಓಡಿದ.

ಹೊಸ ಜಾಗ ನೋಡಿದರೆ ಹೊಸದು ಹೊಳೆಯುತ್ತದೆಂದು ಮೂರನೆಯ ಪುಸ್ತಕ ಹೇಳಿತು. ಮಾವ ಬುತ್ತಿ ಕಟ್ಟಿಸಿಕೊಂಡು ಬಾದಾಮಿಗೆ ಹೋಗಿ, ಕೆರೆಯ ದಂಡೆಯಲ್ಲಿ ಪುಸ್ತಕ ತೆರೆದು ಕುಳಿತ. ಗುಡ್ಡದಿಂದ ಇಳಿದ ಮಂಗವೊಂದು ರೊಟ್ಟಿ ಬಿಟ್ಟು ಪುಸ್ತಕ ಕಸಿದುಕೊಂಡಿತು! ಗುಹೆಯ ಮೇಲಿನ ಬಂಡೆಯೇರಿ, ಒಂದೊಂದೇ ಹಾಳೆ ತಿರುವಿ, ಕೊನೆಗೆ ಗಂಭೀರವಾಗಿ ತಲೆ ಕೆರೆದುಕೊಂಡಿತಂತೆ.

"ಹೊಡದು ಇಸಗೋಬಾರದಾಗಿತ್ತೇನು?" ಎಂದು ಕೇಳಿದೆ.

"ಇರಲಿ ಬಿಡಲೇ" ಎಂದ ಮಾವ. "ಅದಕ್ಕರೆ ಏನರೆ ಹೊಳೀಲಿ."

ಇಲ್ಲಿಯವರೆಗೆ ನಕ್ಕದ್ದಾಯಿತು. ಆಮೇಲೆ ನನ್ನ ತಂಗಿ ನೀಲವ್ವನ ಮದುವೆ ಗೊತ್ತಾಯಿತು, ನಗು ನಿಂತಿತು. ಅಕ್ಕಿಕಾಳು ಬೀಳುವಾಗ ಮದುಮಗಳು ಸೋದರಮಾವ ತಂದ ಸೀರೆಯನ್ನೇ ಉಟ್ಟಿರಬೇಕೆಂಬುದು ನಮ್ಮ ಮನೆತನದ ಪದ್ಧತಿ. ಅವ್ವ ಕಣ್ಣು ಮುಚ್ಚುವ ಮುಂಚೆ ತಮ್ಮನ ಕೈ ಹಿಡಿದು, "ನೀಲಾಗ ನನ್ನ ಸೀರಿಗಿಂತ ಚಲೋದು ನೇಯಿ. ಹಲ್ಲ ಬೀಳಿಸಬ್ಯಾಡ ಮತ್ತ" ಎಂದಿದ್ದಳು. ಮಾವನೂ ಆಗಲೆಂದಿದ್ದ. ಮಗ್ಗ ಮಾತ್ರ ಖಾಲಿ!

"ಪ್ಯಾಟಿ ಸೀರಿ ಒಂದು ತರತೇನಿ. ಯಾರಿಗೂ ಗೊತ್ತಾಗೂದಿಲ್ಲ" ಎಂದೆ ತಂಗಿಗೆ.

"ನನಗ ಗೊತ್ತಾಗತೈತಿ" ಎಂದಳು. "ಅವ್ವನ ಕಡಿಯಿಂದ ಬರೂದು ಅದೊಂದ ಐತಿ, ಅಣ್ಣಾ. ಮಾವನ ಸೀರಿ ಇಲ್ಲಂದ್ರ ನಾ ಹೊರಗ ಬರೂದಿಲ್ಲ."

ಮದುವೆಗೆ ತಿಂಗಳಿರುವಾಗ ಮಾವ ಹುನಗುಂದಕ್ಕೆ ಬಂದ. ಕೈ ಖಾಲಿ, ಕಂಕುಳಲ್ಲಿ ನಾಲ್ಕನೆಯ ಪುಸ್ತಕ! ಹಳೆಯದನ್ನು ಕಣ್ಣ ಮುಂದಿಟ್ಟುಕೊಂಡು ಕೂರಬೇಕೆಂದು ಅದರಲ್ಲಿ ಬರೆದಿದೆಯಂತೆ. ಅದಕ್ಕೆ ಅವ್ವನ ಮದುವೆಯ ಸೀರೆ ಬೇಕಂತೆ. ಅದರ ಮೈ ಪಿಸಿದು, ಹಿಡಿದರೆ ಹರಿಯುವಂತಾಗಿತ್ತು, ಸೆರಗಷ್ಟೇ ಗಟ್ಟಿ. ನೀಲವ್ವ ಪೆಟ್ಟಿಗೆಯಿಂದ ತೆಗೆದು, ಒಮ್ಮೆ ಮೂಗಿಗೆ ಹಿಡಿದು, ಅವನ ಕೈಗಿಟ್ಟಳು.

"ಹಂಗ ತಂದುಕೊಡು ಮಾವಾ."

"ಹಂಗ ತರೂದಿಲ್ಲ" ಎಂದ ಆ ಪುಣ್ಯಾತ್ಮ.

ಅವನ ಮಾತಿನ ಅರ್ಥ ಹದಿನೈದು ದಿನದ ಮೇಲೆ ಇಳಕಲ್ಲಿಗೆ ಹೋದಾಗ ನನಗೆ ತಿಳಿಯಿತು, ಅಥವಾ ತಿಳಿಯಿತೆಂದುಕೊಂಡೆ. ಅತ್ತೆಯ ಮುಂದೆ ಹಳೆಯ ಹಸಿರು ನೂಲಿನ ಗುಡ್ಡೆ. ಅವ್ವನ ಸೀರೆಯನ್ನು ಎಳೆ ಎಳೆಯಾಗಿ ಬಿಚ್ಚಿ ಹಾಕಿದ್ದರು!

"ಮಾವಾ, ಏನು ಮಾಡೀದಿ?"

"ಹೊಳದೈತಿ" ಎಂದ, ಕಣ್ಣು ಅರಳಿಸಿ.

"ಏನು ಹೊಳದೈತಿ?"

"ಹೇಳಿದ್ರ ಆರಿ ಹೋಗತೈತಿ. ಪುಸ್ತಕದಾಗ ಬರದಾರ."

ಆ ಪುಸ್ತಕ ಬರೆದವನು ಎದುರಿಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ! ಹೊರಬಿದ್ದೆ. ತಂಗಿಗೆ ಹೇಳಲಿಲ್ಲ. ಪೇಟೆಯಿಂದ ಒಂದು ಸೀರೆ ತಂದು ನನ್ನ ಟ್ರಂಕಿನ ತಳದಲ್ಲಿಟ್ಟೆ. ಎಲ್ಲದಕ್ಕೂ ಎರಡನೆಯ ಏರ್ಪಾಟು ಇರಬೇಕೆಂಬುದು ನನ್ನ ಶಿಸ್ತು.

ಮದುವೆಯ ದಿನ ಹತ್ತೂ ಹತ್ತಕ್ಕೆ ಮುಹೂರ್ತ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಮಾವನ ಚಕ್ಕಡಿ ಇಲ್ಲ. ಅರಿಷಿಣದ ಮೈಯಲ್ಲಿ ತಂಗಿ ಒಳಕೋಣೆಯ ಬಾಗಿಲಿಗೇ ಕುಳಿತಿದ್ದಳು. ಗಂಡಿನ ಕಡೆಯ ಹೆಂಗಸರು ಪಿಸುಗುಡತೊಡಗಿದರು. ನಾನು ಗಡಿಯಾರ ಕೈಯಲ್ಲಿ ಹಿಡಿದು, ಟ್ರಂಕಿನ ಚಿಲಕ ತೆಗೆದೆ.

"ಅಣ್ಣಾ, ಅದನ್ನ ಮುಚ್ಚು" ಎಂದಳು ನೀಲವ್ವ. ಆಕೆಗೆ ಎಂದೋ ಗೊತ್ತಿತ್ತು!

ಆಗ ಹೊರಗೆ ಎತ್ತಿನ ಗೆಜ್ಜೆ ಕೇಳಿಸಿತು. ಮಾವ ಧೂಳಿನಲ್ಲಿ ಮಿಂದು ಬಂದಿದ್ದ. ಹಿಂದೆ ಕಣ್ಣು ಕೆಂಪಾದ ಅತ್ತೆ. ಮಾವ ಸೀರೆಯನ್ನು ತಂಗಿಯ ಮಡಿಲಿಗಿಟ್ಟ. ಹಸಿರು ಮೈ ಹೊಚ್ಚ ಹೊಸದು, ಇನ್ನೂ ಗಂಜಿಯ ವಾಸನೆ. ತಂಗಿ ಮಡಿಕೆ ಬಿಚ್ಚುತ್ತ ಬಿಚ್ಚುತ್ತ ಸೆರಗಿಗೆ ಬಂದಳು. ಅಲ್ಲಿ ಅವಳ ಬೆರಳು ನಿಂತಿತು.

"ಅಣ್ಣಾ" ಎಂದಳು. "ಇಲ್ಲೊಂದು ಹಲ್ಲ ಬಿದ್ದೈತಿ."

ಇಳಕಲ್ಲಿನ ಸೀರೆಯಲ್ಲಿ ಮೈಯ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ. ನೇಯುವ ಮೊದಲು ಇದರ ಒಂದೊಂದು ಎಳೆಯನ್ನೂ ಅದರ ಒಂದೊಂದು ಎಳೆಗೆ ಕುಣಿಕೆ ಹಾಕಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಹುಟ್ಟಿದಾಗಿನಿಂದ ಅದನ್ನು ನೋಡಿದ್ದರೂ, ಹಾಕಿದ ಕೊಂಡಿಯನ್ನು ಕಳಚಲೂಬಹುದೆಂದು ನನಗೆ ಎಂದಾದರೂ ಹೊಳೆದಿತ್ತೇ?

"ನಿಮ್ಮವ್ವನ ಸೆರಗು ಹಂಗ ಇಟ್ಟು, ಮೈಯ ಹಳೇ ಎಳಿ ಒಂದೊಂದ ಕಳದು, ಅದ ಕುಣಿಕಿಗೆ ಹೊಸಾದು ಹಾಕೇನಿ" ಎಂದಳು ಅತ್ತೆ. "ಹನ್ನೊಂದು ದಿನಾ. ಕಣ್ಣು ಹೋದ್ವು ನೋಡವಾ. ಮುಂದ ನೇಯ್ದಾವ್ರು ಇವರು."

ಮಾವ ಬಾಗಿಲ ಹೊರಗೇ ನಿಂತಿದ್ದ.

"ಎರಡು ವರ್ಷ ಓದಿದೆ ನೀಲಾ" ಎಂದ. "ನಮ್ಮಕ್ಕನ ಸೆರಗಿಗಿಂತ ಚಲೋದು ಯಾವುದೂ ಹೊಳೀಲಿಲ್ಲ. ಅದಕ್ಕ ಆಕೀನ್ನ ಕರಕೊಂಡ ಬಂದೆ."

ತಂಗಿ ಆ ಸೆರಗು ಹೊದ್ದು ಹೊರಗೆ ಬಂದಳು. ಅಕ್ಕಿಕಾಳು ಬಿದ್ದಾಗ ಹತ್ತೂ ಹತ್ತಾಗಿತ್ತೋ ಹದಿನೈದಾಗಿತ್ತೋ, ಇಂದಿಗೂ ನಾನು ಹೇಳಲಾರೆ. ಗಡಿಯಾರ ಕೈಯಲ್ಲೇ ಇತ್ತು, ಮುಳ್ಳು ಕಾಣಿಸುತ್ತಿರಲಿಲ್ಲ.